ತಾಲ್ಲೂಕಿನ ಗಡಿಯಲ್ಲಿ ಕುಬಸದ ಬುತ್ತಿ

ಹೋದ ಸೋಮವಾರ ನಾನು ಸರಕಾರದ ಆಜ್ಞೆಯ ಮೇರೆಗೆ ನಾಲ್ಕು ಕಡುಬು ತಿಂದೆ.

ತಮಾಷೆ ಮಾಡುತ್ತಿಲ್ಲ. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ಇಳಿಹೊತ್ತಿನ ಬಿಸಿಲಿನಲ್ಲಿ, ಬ್ಲೀಚಿಂಗ್ ಪೌಡರಿನ ವಾಸನೆ ಕುಡಿಯುತ್ತ ನಿಂತು ತಿಂದೆ. ಎಡಗೈ ತೋಳು ಆಗಲೇ ಊದಿಕೊಳ್ಳುತ್ತಿತ್ತು. ಮೂರನೆಯ ಕಡುಬಿಗೇ ಹೊಟ್ಟೆ ತುಂಬಿತ್ತು. ನಾಲ್ಕನೆಯದನ್ನು ಹೆಲ್ತ್ ಇನ್ಸ್‌ಪೆಕ್ಟರೇ ತೋರಿಸಿ, "ಅದನ್ನೂ ತೀರಿಸಿಬಿಡ್ರಿ ಮೇಡಂ" ಎಂದರು.

ಕಾಲೇಜಿನಲ್ಲಿ ಪಾಠ ಹೇಳುವ, ವಾರಕ್ಕೊಮ್ಮೆ ಇಲ್ಲಿ ನಿಮಗೂ ಒಂದಿಷ್ಟು ಹೇಳುವ ಹೆಂಗಸಿಗೆ ಈ ಸ್ಥಿತಿ ಯಾಕೆ ಬಂತು? ಹೇಳುತ್ತೇನೆ. ಹೇಳದಿದ್ದರೆ ನನಗೇ ಸಮಾಧಾನವಿಲ್ಲ.

ನಮ್ಮ ಊರಿಗೆ ಏನು ಬಂದಿದೆ ಎಂದು ನಿಮಗೆ ಗೊತ್ತು. ಆದರೆ ಯಾರೂ ಅದರ ಹೆಸರು ಹೇಳುವುದಿಲ್ಲ. ಸರಕಾರ ಅದನ್ನು ಗ್ಯಾಸ್ಟ್ರೋ ಎನ್ನುತ್ತದೆ. ನಮ್ಮ ಓಣಿಯ ಹೆಂಗಸರು "ಆಕಿ" ಎನ್ನುತ್ತಾರೆ. "ಆಕಿ ಬಂದಾಳಂತ, ಹುಡುಗ್ರನ್ನ ಹೊರಗ ಬಿಡಬ್ಯಾಡ್ರಿ." ಹೆಸರು ಕರೆದರೆ ಮನೆಗೇ ಬಂದಾಳು ಎಂದು ಇವರಿಗೆ ಭಯ. ಹೆಸರು ಬರೆದರೆ ಮೇಲಿನವರಿಗೆ ಉತ್ತರ ಕೊಡಬೇಕಾದೀತು ಎಂದು ಅವರಿಗೆ ಭಯ. ಜನ ಮತ್ತು ಸರಕಾರ ಇಷ್ಟು ಒಮ್ಮತದಿಂದ ನಡೆದುಕೊಂಡದ್ದನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. (ಕಾಲರಾ. ಬರೆದುಬಿಟ್ಟೆ. ಸಂಪಾದಕರು ಬಿಟ್ಟರೆ ನೀವು ಓದುತ್ತೀರಿ.)

ರೇಡಿಯೋದಲ್ಲಿ ಒಬ್ಬ ಡಾಕ್ಟರು ಇದು ಎಲ್ಲೋ ಪೂರ್ವದ ದ್ವೀಪಗಳಲ್ಲಿ ಹೊರಟು, ಸಮುದ್ರ ದಾಟಿ, ವರ್ಷಗಟ್ಟಲೆ ದೇಶ ದೇಶ ಸುತ್ತುತ್ತಿರುವ ಪಿಡುಗು ಎಂದು ವಿವರಿಸಿದರು. ಇರಬಹುದು. ನಮ್ಮಲ್ಲಿ ಅದರ ಭೂಗೋಳ ಬೇರೆ. ರಾಯಚೂರಿನವರು ಅದು ಮಾನ್ವಿಯಿಂದ ಬಂತು ಎನ್ನುತ್ತಾರೆ. ಮಾನ್ವಿಯವರು ರಾಯಚೂರಿನಿಂದ ಬಂತು ಎನ್ನುತ್ತಾರೆ. ದೇವದುರ್ಗದವರು ತಮ್ಮಲ್ಲಿ ಬಂದೇ ಇಲ್ಲ ಎನ್ನುತ್ತಾರೆ.

ಇನ್ನು ಕ್ರಮಗಳು. ಆಟೋಕ್ಕೆ ಮೈಕು ಕಟ್ಟಿಕೊಂಡು ಓಣಿ ಓಣಿಯಲ್ಲಿ ಸಾರುತ್ತಿದ್ದಾರೆ. ನೀರು ಕುದಿಸಿ ಕುಡಿಯಿರಿ. ಕೊಯ್ದಿಟ್ಟ ಹಣ್ಣು ತಿನ್ನಬೇಡಿ. ಸೂಜಿ ಹಾಕಿಸಿಕೊಳ್ಳಿ. ಎಲ್ಲವೂ ಸರಿಯಾದ ಮಾತೇ. ನಾನೂ ಇದನ್ನೇ ನಮ್ಮ ಅಕ್ಕ ಹನುಮವ್ವನಿಗೆ ಹೇಳಿದೆ. ಅಕ್ಕ ನಮ್ಮ ಮನೆಯ ಪಕ್ಕದ ಮನೆಯಲ್ಲೇ ಇರುತ್ತಾಳೆ, ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗುತ್ತಾಳೆ. ಅವಳು ಗಿರಣಿಗೆ ಹೋಗಿದ್ದಕ್ಕೆ ನಾನು ಧಾರವಾಡಕ್ಕೆ ಹೋಗಿ ಎಂ.ಎ. ಓದಿದೆ.

"ನೀರು ಕುದಿಸು ಅಂತಿ. ಕುದಿಸಾಕ ಕಟಗಿ ಯಾರು ಕೊಡ್ತಾರ? ರೊಟ್ಟಿ ಬೇಯ್ಸಲೋ, ನೀರು ಬೇಯ್ಸಲೋ?"

"ರೋಗ ಬಂದರೆ ಏನ್ ಮಾಡ್ತಿ ಅಕ್ಕ?"

"ರೋಗ ಬಂದ್ರ ಬಂದಾಗ. ಹಸಿವು ದಿನಾ ಬರ್ತದ."

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ನೀರು ನಾರುತ್ತದೆಂದು ಓಣಿಯ ಅರ್ಧ ಜನ ಆ ಬಾವಿಯನ್ನೇ ಬಿಟ್ಟರು, ಪೌಡರ್ ಬೀಳದ ಹೊಂಡದ ನೀರು ತರಲು ಹೋದರು. ಸರಕಾರ ಶುದ್ಧ ಮಾಡಿದ್ದನ್ನು ಬಿಟ್ಟು ಅದು ಮುಟ್ಟದ್ದನ್ನು ಹುಡುಕಿಕೊಂಡು ಹೋಗುವ ಈ ನಡಿಗೆ ದಡ್ಡತನವೇ? ಹೌದು ಎಂದು ಬರೆದು ಹಾಕಿದರೆ ಅಂಕಣ ಇಲ್ಲಿಗೇ ಮುಗಿಯುತ್ತದೆ. ಆದರೆ ಇದೇ ಜನ ಕೆಲವು ವರ್ಷಗಳ ಹಿಂದೆ ಸರಕಾರದ ಜೀಪು ಕಂಡರೆ ಹೊಲಕ್ಕೆ ಓಡುತ್ತಿದ್ದರು. ತುರ್ತು ಪರಿಸ್ಥಿತಿಯ ದಿನಗಳು. ಜೀಪು ಬಂತೆಂದರೆ ಸಂತಾನಹರಣದ ಆಪರೇಷನ್‌ಗೆ ಬಂತು. ನಮ್ಮಪ್ಪ ಜೋಳದ ಹೊಲದಲ್ಲಿ ಕೂತು, ಜೀಪು ಹೋಯಿತೇ ಎಂದು ನನ್ನನ್ನು ನೋಡಲು ಕಳಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಅಕ್ಕ ಇದನ್ನು ಒಪ್ಪುವುದಿಲ್ಲ. "ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ದ. ಹೊಲದಾಗ ಕುಂತಾವ ಸೋದರಮಾವ. ನೀ ಧಾರವಾಡದಾಗ ಇದ್ದಿ." ಲೆಕ್ಕ ಹಾಕಿದರೆ ಅವಳದೇ ಸರಿ ಕಾಣುತ್ತದೆ. ಹಾಗಾದರೆ ನನ್ನ ಕಣ್ಣಿಗೆ ಕಟ್ಟಿದ ಆ ಜೋಳದ ಹೊಲ ಯಾರದು? ನನ್ನ ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ಆದರೆ ಓಡಿದ ಕಾಲುಗಳ ನೆನಪು ಬೇರೆ. ಅವು ಇವತ್ತಿಗೂ ಜೀಪಿನ ಸದ್ದಿಗೆ ಏಳುತ್ತವೆ.

ಕಡುಬಿನ ವಿಷಯಕ್ಕೆ ಬರುತ್ತೇನೆ.

ಅಕ್ಕನ ಮಗಳು ಸುಶೀಲಾಳನ್ನು ಗಬ್ಬೂರಿಗೆ ಕೊಟ್ಟಿದ್ದೇವೆ. ಹೋದ ವರ್ಷ ಚೊಚ್ಚಲ ಹೆರಿಗೆಗೆ ಅವಳು ಗಂಡನ ಮನೆಯಲ್ಲೇ ಉಳಿಯಬೇಕಾಯಿತು. ನೋವು ಬೇಗ ಬಂತು. ಎತ್ತಿನ ಗಾಡಿಯಲ್ಲಿ ದೇವದುರ್ಗಕ್ಕೆ ಹೊರಟರು. ಮಗು ಗಾಡಿಯಲ್ಲೇ ಹುಟ್ಟಿತು, ಗಾಡಿಯಲ್ಲೇ ಹೋಯಿತು. ಸುಶೀಲಾ ಉಳಿದಳು. ಆವತ್ತಿನಿಂದ ಅಕ್ಕನದು ಒಂದೇ ಹಟ. ಮುಂದಿನದು ರಾಯಚೂರಿನಲ್ಲೇ ಆಗಬೇಕು, ದೊಡ್ಡ ಆಸ್ಪತ್ರೆಯ ಹತ್ತಿರ ಆಗಬೇಕು.

ಈಗ ಮತ್ತೆ ಏಳು ತಿಂಗಳು. ನಮ್ಮ ಕಡೆ ತವರಿನವರು ಹಸಿರು ಸೀರೆ, ಕುಬಸ, ಬಳೆ, ಬುತ್ತಿ ತೆಗೆದುಕೊಂಡು ಹೋಗಿ ಕುಬಸದ ಕಾರ್ಯ ಮಾಡದೆ ಬಸುರಿ ತವರಿಗೆ ಬರುವಂತಿಲ್ಲ. ಎಂಟು ಬಿದ್ದ ಮೇಲೆ ಅವಳು ಊರು ದಾಟುವಂತಿಲ್ಲ. ಅಂದರೆ ಕುಬಸ ಈಗಲೇ ಆಗಬೇಕು, ಅವಳು ಈಗಲೇ ಬರಬೇಕು. ತಪ್ಪಿದರೆ ಮತ್ತೆ ಗಬ್ಬೂರು, ಮತ್ತೆ ಅದೇ ಗಾಡಿ.

ಬೀಗತಿ ದ್ಯಾವಮ್ಮ, ಅಂದರೆ ಸುಶೀಲಾಳ ಅತ್ತೆ, ಕುಬಸಕ್ಕೆ ಒಪ್ಪಿದ್ದರು. ಕಳಿಸುವುದಕ್ಕೆ ಒಪ್ಪಿರಲಿಲ್ಲ. "ನಿಮ್ಮ ಊರಾಗ ಆಕಿ ಇರೋ ತನಕ ಸೊಸಿನ್ನ ಕಳಸಂಗಿಲ್ಲ" ಎಂದು ಹೇಳಿ ಕಳಿಸಿದ್ದರು. ಅಕ್ಕ ಆ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳದೇ ಇರುವುದು ಅವಳಿಗೆ ಗಿರಣಿಯ ಸದ್ದಿನಲ್ಲಿ ರೂಢಿಯಾಗಿದೆ.

ಹೀಗೆ ಸೋಮವಾರ ನಾವು ಮೂವರು ಬಸ್ಸು ಹತ್ತಿದೆವು. ಅಕ್ಕ, ನಾನು, ಮತ್ತು ನಮ್ಮ ಓಣಿಯ ಬಳೆಗಾರ್ತಿ ಚಾಂದಬಿ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಕುಬಸದ ಬಳೆ ಇಟ್ಟದ್ದೆಲ್ಲ ಚಾಂದಬಿಯೇ. ಅಕ್ಕನ ತೊಡೆಯ ಮೇಲೆ ಬಿದಿರಿನ ಪುಟ್ಟಿ. ಅದರಲ್ಲಿ ಕಡುಬು, ಹೋಳಿಗೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಇದಕ್ಕೆ ನಿಯಮಗಳಿವೆ. ಕುಬಸದ ಬುತ್ತಿಯನ್ನು ಮಗಳು ಮೊದಲ ತುತ್ತು ಉಣ್ಣುವ ತನಕ ನೆಲಕ್ಕೆ ಇಡಬಾರದು. ಚೆಲ್ಲಬಾರದು. ತಿರುಗಿಸಿ ಮನೆಗೂ ತರಬಾರದು.

ನೆನಪಿಡಿ, ಮೂರು ನಿಯಮ. ನಾಲ್ಕನೆಯದು ಸರಕಾರದ್ದು. ಅದು ಗಬ್ಬೂರು ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಎದುರಾಯಿತು.

ರಸ್ತೆಗೆ ಅಡ್ಡ ಒಂದು ಬಿದಿರಿನ ಗಳ ಕಟ್ಟಿದ್ದರು. ಪಕ್ಕದಲ್ಲಿ ಬೇವಿನ ಮರ, ಅದರ ಕೆಳಗೆ ಒಂದು ಟೇಬಲ್ಲು, ಸ್ಟೋವಿನ ಮೇಲೆ ಸೂಜಿ ಕುದಿಯುತ್ತಿತ್ತು. ಆಚೆ ಒಂದು ಗುಂಡಿ, ಅದರ ತುಂಬ ಬಿಳಿ ಪುಡಿ. ಗಳದ ಆ ಕಡೆ ದೇವದುರ್ಗ ತಾಲ್ಲೂಕು, ಈ ಕಡೆ ರಾಯಚೂರು. ಇನ್ಸ್‌ಪೆಕ್ಟರು ಬಸ್ಸಿಗೆ ಹತ್ತಿದರು. ನಿದ್ದೆಗೆಟ್ಟ ಕಣ್ಣು, ಮೊಣಕೈ ತನಕ ಮಡಚಿದ ಅಂಗಿಯ ತೋಳು.

"ಎಲ್ಲಾರೂ ಇಳೀರಿ. ಸೂಜಿ ಹಾಕಿಸಿಕೊಂಡೋರು ಅಷ್ಟ ಮುಂದ."

ಹಿಂದಿನ ಸೀಟಿನ ಒಬ್ಬ ಮುದುಕ ಕುಳಿತಲ್ಲೇ ಕೇಳಿದ. "ಯಪ್ಪಾ, ಇದು ಯಾವ ಸೂಜಿ? ಆವಾಗಿನದಲ್ಲಲ್ಲ?"

"ಅಲ್ಲಪ್ಪೋ. ಇದು ತೋಳಿಗಿ."

"ಆವಾಗೂ ಮದ್ಲ ತೋಳಿಗಂತನ ಹೇಳಿದ್ರು."

ಬಸ್ಸೆಲ್ಲ ನಕ್ಕಿತು. ನಗುವಿನ ನಡುವೆಯೇ ಇಬ್ಬರು ಹಿಂದಿನ ಬಾಗಿಲಿನಿಂದ ಇಳಿದು ಹೊಲದ ದಾರಿ ಹಿಡಿದರು. ಇನ್ಸ್‌ಪೆಕ್ಟರು ಕೂಗಲಿಲ್ಲ, ಅಟ್ಟಿಸಿಕೊಂಡೂ ಹೋಗಲಿಲ್ಲ. "ಹೋಗ್ಲಿ ಬಿಡ್ರಿ. ನಮ್ಮವ್ವ ಮಾನ್ವ್ಯಾಗ ಅದಾಳ, ಆಕಿನೂ ಹಾಕಿಸಿಕೊಂಡಿಲ್ಲ" ಎಂದು ನನಗೆ ಹೇಳಿದರು. ನನಗೇ ಯಾಕೆ ಹೇಳಿದರು? ಕನ್ನಡಕ ಹಾಕಿಕೊಂಡಿದ್ದೆ, ಅದಕ್ಕಿರಬೇಕು. ಕನ್ನಡಕ ಇದ್ದವರು ಸರಕಾರದ ಕಡೆಯವರು ಎಂದು ಎರಡೂ ಕಡೆಯವರಿಗೂ ನಂಬಿಕೆ.

ನಾವು ಇಳಿದೆವು. ಪುಟ್ಟಿ ನೆಲಕ್ಕೆ ಇಡುವಂತಿಲ್ಲವಲ್ಲ, ಅಕ್ಕ ಸೂಜಿಗೆ ಹೋದಾಗ ನಾನು ಹಿಡಿದೆ. ನಾನು ಹೋದಾಗ ಚಾಂದಬಿ ಹಿಡಿದಳು. ಚಾಂದಬಿ ಹೋದಾಗ ಮತ್ತೆ ಅಕ್ಕನಿಗೆ ಬಂತು. ಮೂವರೂ ಎಡತೋಳು ತಿಕ್ಕಿಕೊಳ್ಳುತ್ತ, ಕೈಯಿಂದ ಕೈಗೆ ಪುಟ್ಟಿ ಸಾಗಿಸಿದ್ದನ್ನು ಇನ್ಸ್‌ಪೆಕ್ಟರು ನೋಡುತ್ತಲೇ ಇದ್ದರು.

"ಅದರಾಗ ಏನದ?"

"ಕುಬಸದ ಬುತ್ತಿ" ಎಂದಳು ಅಕ್ಕ.

"ಬೇಯಿಸಿದ್ದೇನು?"

"ಹಸಿ ಕಡುಬು ಯಾರಾರ ಒಯ್ತಾರೇನಪ್ಪ?"

"ಹಂಗಾದ್ರ ಒಳಗ ಬಿಡಾಕ ಬರಂಗಿಲ್ಲಬೇ. ಬ್ಯಾನಿ ಇದ್ದ ಊರಾಗ ಬೇಯಿಸಿದ್ದು ಗಡಿ ದಾಟಂಗಿಲ್ಲ. ಆ ಗುಂಡ್ಯಾಗ ಹಾಕ್ರಿ."

ಅಕ್ಕ ಗುಂಡಿಯನ್ನು ನೋಡಿದಳು. ಅದರಲ್ಲಿ ಬಿಳಿ ಪುಡಿ ಬಳಿದುಕೊಂಡ ಮಿರ್ಚಿ ಭಜಿಗಳು, ಅರ್ಧ ತಿಂದ ಕಲ್ಲಂಗಡಿ, ಯಾರದೋ ಬುಂದಿ ಲಾಡು. ಪುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆಯ ಮೇಲೆ, ಗಳದ ಎದುರಿಗೇ ಕುಳಿತುಬಿಟ್ಟಳು.

"ಮೇಡಂ, ನೀವಾರ ಹೇಳ್ರಿ" ಎಂದರು ಇನ್ಸ್‌ಪೆಕ್ಟರು.

ಏನು ಹೇಳಲಿ? ಅವರು ಹೇಳಿದ್ದು ತಪ್ಪೇ? ರೋಗ ಅನ್ನ ನೀರಿನಲ್ಲಿ ಹರಡುತ್ತದೆ ಎಂದು ನನಗೆ ಗೊತ್ತು. ಆ ಕಡುಬಿನ ಹಿಟ್ಟು ನಾದಿದ ನೀರು ಕುದಿಸಿದ್ದಲ್ಲ ಎಂದೂ ಗೊತ್ತು. ಆದರೆ ಕಡುಬು ಬೆಂದದ್ದಲ್ಲವೇ? ಮೊಸರನ್ನ? ನನ್ನ ತಲೆಯಲ್ಲಿ ಎರಡು ಕಡೆಯ ವಕೀಲರೂ ಒಟ್ಟಿಗೆ ಎದ್ದು ನಿಂತರು. "ಅಕ್ಕ, ಅವರು ಹೇಳುವುದರಲ್ಲಿ ವೈಜ್ಞಾನಿಕವಾಗಿ..." ಎಂದು ಶುರು ಮಾಡಿದೆ.

"ನೀ ಸುಮ್ನಿರು. ನಿನ್ನ ಗಾಡ್ಯಾಗ ಏನೂ ಸತ್ತಿಲ್ಲ" ಎಂದಳು ಅಕ್ಕ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಆಗ ಚಾಂದಬಿ ಮಧ್ಯೆ ಬಂದಳು. "ಸಾಬ್, ಬುತ್ತಿ ಗಡಿ ದಾಟಬಾರದು. ಹೊಟ್ಟಿ ದಾಟಬಹುದೇನು?"

ಇನ್ಸ್‌ಪೆಕ್ಟರು ನಿಜವಾಗಿಯೂ ಯೋಚನೆ ಮಾಡಿದರು. "ಹೊಟ್ಟಿಗಿ ಆರ್ಡರ್ ಇಲ್ಲ."

(ಹೊಟ್ಟೆ ದಾಟುವ ಈ ಮಾತನ್ನು ನಾನು ಅವತ್ತೇ ಡೈರಿಯಲ್ಲಿ ಚಾಂದಬಿಯದು ಎಂದು ಬರೆದಿದ್ದೇನೆ. ಅಕ್ಕ ತಾನೇ ಅಂದೆ ಎನ್ನುತ್ತಾಳೆ. ಚಾಂದಬಿ "ನಕ್ಕೋ, ನಾ ಅಲ್ಲ, ಅದು ಸಾಬನೇ ಅಂದಿದ್ದು" ಎನ್ನುತ್ತಾಳೆ. ಒಂದು ವಾರದ ಹಿಂದಿನ ಒಂದು ಸಾಲಿಗೆ ಇಷ್ಟು ಜನ ವಾರಸುದಾರರು. ಜೋಳದ ಹೊಲದಲ್ಲಿ ಯಾರು ಕೂತಿದ್ದರೋ ಎಂದು ನಾನು ಸುಮ್ಮನೆ ತಲೆ ಕೆಡಿಸಿಕೊಂಡೆ.)

"ಹಂಗಾದ್ರ ಇಲ್ಲೇ ಉಂಡು ಹೋಗ್ರಿ. ನನ್ನ ತಕರಾರಿಲ್ಲ."

"ಮಗಳು ಉಣ್ಣೋಕಿಂತ ಮದ್ಲ ನಾವು ಹೆಂಗ ಉಣ್ಣಾಣ?" ಎಂದಳು ಅಕ್ಕ. ಕಂಡಕ್ಟರು ಸೀಟಿ ಊದುತ್ತಿದ್ದ. ಅವನನ್ನು ಕರೆದಳು. "ತಮ್ಮಾ, ಗಬ್ಬೂರ ಸ್ಟ್ಯಾಂಡಿನ ಎದುರಿಗೇ ದ್ಯಾವಮ್ಮನ ಮನಿ. ಸೊಸಿನ್ನ ಕರಕೊಂಡು ಗಳದ ಹತ್ರ ಬಾ ಅಂತ ಹೇಳಪ್ಪ. ಕುಬಸ ಇಲ್ಲೇ ಅಂತ ಹೇಳು."

ಬಸ್ಸು ನಮ್ಮನ್ನು ಬಿಟ್ಟು ಹೋಯಿತು.

ಕಾಯುವಾಗ ಬೇವಿನ ಮರದ ಹಿಂದೆ ಒಂದು ವಸ್ತು ಕಂಡೆ. ಮೊಳದುದ್ದದ ಮರದ ಗಾಡಿ, ಅದರೊಳಗೆ ಅರಿಶಿನ ಬಳಿದ ಮಡಕೆ, ಬಾಡಿದ ಬೇವಿನ ಸೊಪ್ಪು. ನಿಮ್ಮಲ್ಲಿ ಹಳ್ಳಿಯವರಿಗೆ ಹೇಳಬೇಕಿಲ್ಲ. ಊರಿಗೆ ಬೇನೆ ಬಂದರೆ ಅಮ್ಮನನ್ನು ಗಾಡಿಯಲ್ಲಿ ಕೂಡಿಸಿ, ಕೈಮುಗಿದು, ಊರಿನ ಗಡಿ ದಾಟಿಸಿ ಬರುತ್ತಾರೆ. ಆಚೆ ಊರಿನವರು ನೋಡಿ, ಪೂಜೆ ಮಾಡಿ, ತಮ್ಮ ಗಡಿ ದಾಟಿಸುತ್ತಾರೆ. ಯಾರೂ ಅವಳನ್ನು ಬೈಯುವುದಿಲ್ಲ. ಯಾರೂ ಅವಳನ್ನು ಇಟ್ಟುಕೊಳ್ಳುವುದೂ ಇಲ್ಲ.

ಈಗ ಅಮ್ಮನ ಗಾಡಿಯೂ ಸರಕಾರದ ಗಳವೂ ಒಂದೇ ಮರದ ನೆರಳಿನಲ್ಲಿದ್ದವು. ಒಂದು, ಬೇನೆಯನ್ನು ಹೊರಗೆ ಕಳಿಸಲು. ಇನ್ನೊಂದು, ಒಳಗೆ ಬಿಡದಿರಲು. ಎರಡಕ್ಕೂ ಗಡಿಯಾಚೆ ಏನಾಗುತ್ತದೆ ಎಂಬ ಚಿಂತೆ ಇಲ್ಲ. ನಾನು ಇದನ್ನು ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರು ಸ್ಟೋವಿಗೆ ಪಂಪು ಹೊಡೆಯುತ್ತ, "ಅಮ್ಮಗ ಟಿ.ಎ. ಡಿ.ಎ. ಇಲ್ರಿ ಮೇಡಂ, ನನಗೂ ಇನ್ನೂ ಬಂದಿಲ್ಲ" ಎಂದರು.

ಬಿಸಿಲು ಸ್ವಲ್ಪ ವಾಲುವ ಹೊತ್ತಿಗೆ ಎತ್ತಿನ ಗಾಡಿ ಬಂತು. ಹೊಡೆಯುತ್ತಿದ್ದವನು ಸುಶೀಲಾಳ ಗಂಡ. ದ್ಯಾವಮ್ಮ ಮುಂದೆ ಕೂತಿದ್ದರು, ಸುಶೀಲಾ ಹಿಂದೆ, ಗಾಡಿಯ ಗೂಟ ಹಿಡಿದುಕೊಂಡು. ಅದೇ ಗಾಡಿ ಎಂದು ನನಗೆ ಆಮೇಲೆ ಹೊಳೆಯಿತು.

ದ್ಯಾವಮ್ಮ ಇಳಿದವರೇ ಗಳದ ಹತ್ತಿರ ಬಂದು ನಿಂತರು. "ಏನ್ರಿ ಬೀಗ್ತೇರ, ನಡುದಾರ್ಯಾಗ ಕುಬಸ? ನಮ್ಮ ಮನಿಗಿ ಬಾಗಲಿಲ್ಲೇನು?"

"ನಿಮ್ಮ ಬಾಗಲ ಅದರಿ. ಸರಕಾರದ್ದ ಮುಚ್ಯದ" ಎಂದಳು ಅಕ್ಕ.

"ಸರಿ. ಆಕಿ ಇಲ್ಲೇ ನಿಂತು ಒಂದು ತುತ್ತು ಉಣ್ಲಿ. ಕೊಡ್ರಿ."

ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು. "ಬಾಯಿ ಆ ಕಡಿ ಇದ್ರ ಬುತ್ತಿ ಗಡಿ ದಾಟಿದಂಗ."

"ಇದೊಳ್ಳೇದಾತಲ್ಲ. ಹಂಗಾದ್ರ ಆ ಕಡಿ ಬಂದು ಉಣ್ಲೇನು?"

"ಬರ್ಲಿ. ಹೊರಗ ಬರೋರಿಗಿ ಆರ್ಡರ್ ಇಲ್ಲ. ಆದ್ರ ಹೊಳ್ಳಿ ಒಳಗ ಹೋಗಾಕ ಸೂಜಿ ಬೇಕು. ಬಸುರಿಗಿ ಸೂಜಿ ಹಾಕಂಗಿಲ್ಲ."

ಸ್ಟೋವಿನ ಮೇಲೆ ಸೂಜಿಯ ನೀರು ಕುದಿಯುತ್ತಿತ್ತು.

"ಅಂದ್ರ?" ಎಂದರು ದ್ಯಾವಮ್ಮ.

"ಅಂದ್ರ ಈ ಕಡಿ ಬಂದ್ರ, ಗಳ ತೆಗಿಯೋ ತನಕ ಈ ಕಡಿನ."

ನಮಗೆಲ್ಲ ಒಟ್ಟಿಗೇ ಅರ್ಥವಾಯಿತು. ಕುಬಸ ಆದ ಮೇಲೆ ಕಳಿಸುವುದೋ ಬಿಡುವುದೋ ಎಂಬ ಮಾತೇ ಇನ್ನಿರಲಿಲ್ಲ. ಗಳ ದಾಟಿದರೆ ರಾಯಚೂರು. ದಾಟದಿದ್ದರೆ ಕುಬಸವೂ ಇಲ್ಲ, ತವರೂ ಇಲ್ಲ.

ದ್ಯಾವಮ್ಮ ನನ್ನ ಕಡೆ ತಿರುಗಿದರು. ಜಗಳಕ್ಕಲ್ಲ. ನಿಜವಾಗಿ ಕೇಳಿದರು. "ಅಕ್ಕೋರ, ಓದಿದೋರು ನೀವು. ಇಲ್ಲಿ ಬ್ಯಾನಿ ಇಲ್ಲ. ಅಲ್ಲಿ ಅದ. ಬ್ಯಾನಿ ಇದ್ದ ಊರಿಗಿ ಯಾರಾರ ಬಸುರಿನ್ನ ಕಳಸ್ತಾರೇನು?"

"ಅಲ್ಲಿ ಆಸ್ಪತ್ರೆ ಇದೆಯಲ್ಲ..."

"ಆಸ್ಪತ್ರಿ ಬಾಗಲದಾಗ ಜನ ಮಲಗ್ಯಾರಂತ. ಬಾಣಂತಿನ್ನ ಎಲ್ಲಿ ಮಲಗಿಸ್ತೀರಿ?"

ಅತ್ತೆ ಎಂದರೆ ಕೆಟ್ಟವಳು ಎಂದು ಬರೆದರೆ ನಿಮಗೂ ಓದಲು ಸುಲಭ, ನನಗೂ ಸುಲಭ. ಆದರೆ ಆ ಹೆಂಗಸು ಕೇಳಿದ್ದು ನಾನು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಕೇಳಿಕೊಂಡ ಪ್ರಶ್ನೆ. ಗಾಡಿಯ ಭಯ ಒಂದು ಕಡೆ, ನೀರಿನ ಭಯ ಇನ್ನೊಂದು ಕಡೆ. ಹೋದ ವರ್ಷ ನಡೆದದ್ದು ಅಕ್ಕನಿಗೆ ಕಾಣುತ್ತದೆ. ಮುಂದೆ ನಡೆಯಬಹುದಾದದ್ದು ದ್ಯಾವಮ್ಮನಿಗೆ ಕಾಣುತ್ತದೆ. ನನಗೆ ಎರಡೂ ಕಂಡು ಏನೂ ಕಾಣದಂತಾಗಿತ್ತು.

"ಕಳಸ್ರಿ" ಎಂದಳು ಅಕ್ಕ.

"ಕಳಸಂಗಿಲ್ಲ" ಎಂದರು ದ್ಯಾವಮ್ಮ.

ಅವರ ಮಗ ಎತ್ತಿನ ಕೊರಳು ತುರಿಸುತ್ತ ನಿಂತಿದ್ದ.

ಇಷ್ಟು ಹೊತ್ತು ಸುಶೀಲಾಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಗಾಡಿಯಿಂದ ನಿಧಾನವಾಗಿ ಇಳಿದಳು, ಒಂದು ಕೈ ಸೊಂಟದ ಮೇಲೆ. ಗಳದ ತನಕ ನಡೆದು ಬಂದಳು. ಇನ್ಸ್‌ಪೆಕ್ಟರು ಗಳ ಎತ್ತಲು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ, ಸೆರಗು ಬಿಗಿ ಮಾಡಿ, ತಲೆ ಬಗ್ಗಿಸಿ ನುಸುಳಿ ಈ ಕಡೆ ಬಂದುಬಿಟ್ಟಳು. ಏಳು ತಿಂಗಳ ಹೊಟ್ಟೆ ಹೊತ್ತು ಅಷ್ಟು ಬಗ್ಗಬಾರದು. ಅಕ್ಕ "ಯವ್ವಾ, ಮೆಲ್ಲಕ" ಎಂದಳು.

"ಅತ್ತೆವ್ವ, ಸಿಟ್ಟಾಗಬ್ಯಾಡ್ರಿ" ಎಂದಳು ಸುಶೀಲಾ ತಿರುಗಿ ನಿಂತು. "ಆ ಗಾಡ್ಯಾಗ ನಾ ಇನ್ನೊಮ್ಮಿ ಮಲಗಂಗಿಲ್ಲ."

ದ್ಯಾವಮ್ಮ ಸಿಟ್ಟಾದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಗಾಡಿಗೆ ಹೋಗಿ ಒಂದು ಗಂಟು ತಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ. ಈ ಕಡೆ ಬಂದರೆ ಸೂಜಿ, ಸೂಜಿ ತಮಗೆ ಬೇಡ, ಅದಕ್ಕೆ ಅಲ್ಲೇ ನಿಂತು ಗಳದ ಮೇಲಿನಿಂದ ಕೈ ಚಾಚಿ ಸುಶೀಲಾಳ ಉಡಿ ತುಂಬಿದರು. ಇನ್ಸ್‌ಪೆಕ್ಟರು ನೋಡಿದರು.

"ಅಕ್ಕಿಗೂ ಆರ್ಡರ್ ಅದ ಏನಪ್ಪ?" ಎಂದರು ದ್ಯಾವಮ್ಮ, ಕೈ ನಿಲ್ಲಿಸದೆ.

"ಹಸೀದಕ್ಕ ಇಲ್ಲಬೇ."

ಚಾಂದಬಿ ಮರದ ಬೇರಿನ ಮೇಲೆ ಕೂತು ಹಸಿರು ಬಳೆ ಇಟ್ಟಳು. "ಕೈ ಸಡ್ಲ ಬಿಡ ಬೇಟಿ. ಬಳಿ ಒಡದ್ರ ನಿಮ್ಮತ್ತಿ ನನ್ನ ಗುಂಡ್ಯಾಗ ಹಾಕಸ್ತಾಳ." ಗಳದ ಆಚೆ ದ್ಯಾವಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವೋ ಬೇರೆಯೋ. ಅಕ್ಕ ಪುಟ್ಟಿಯ ಬಟ್ಟೆ ಬಿಚ್ಚಿ ಮಗಳ ಬಾಯಿಗೆ ಮೊದಲ ಕಡುಬು ಇಟ್ಟಳು. ಮೊಸರನ್ನಕ್ಕೆ ಕೈ ಹಾಕಿದಾಗ ನಾನು "ಅದು ಬೇಡ" ಎಂದೆ. ಆ ದಿನ ನಾನು ಹೇಳಿದ್ದರಲ್ಲಿ ಅಕ್ಕ ಕೇಳಿದ್ದು ಅದೊಂದೇ.

ಆಮೇಲೆ ಪುಟ್ಟಿ ನೆಲ ಮುಟ್ಟಿತು. ಆದರೆ ಬುತ್ತಿ ಆಚೆ ಹೋಗುವಂತಿಲ್ಲ, ಹಿಂದೆ ಒಯ್ಯುವಂತಿಲ್ಲ, ಚೆಲ್ಲುವಂತಿಲ್ಲ. ಉಳಿದದ್ದು ಒಂದೇ ದಾರಿ. ತಿನ್ನುವುದು. ಮುಂದಿನ ಬಸ್ಸಿನಲ್ಲಿ ಬಂದವರಿಗೆಲ್ಲ ಸೂಜಿಯ ಜೊತೆ ಒಂದೊಂದು ಕಡುಬು. ಸೂಜಿಗೆ ಹೆದರಿ ಹೊಲಕ್ಕೆ ಹೋಗಿದ್ದವರಲ್ಲಿ ಒಬ್ಬ ಹೋಳಿಗೆ ಕಂಡು ವಾಪಸ್ ಬಂದ. ಬಂದವನಿಗೆ ಇನ್ಸ್‌ಪೆಕ್ಟರು ಮೊದಲು ತೋಳು ಕೇಳಿದರು. ಸರಕಾರದ ಯಾವ ಮೈಕೂ ಮಾಡದ ಕೆಲಸ ಅಕ್ಕನ ಹೋಳಿಗೆ ಮಾಡಿತು.

ಕೊನೆಗೆ ಇನ್ಸ್‌ಪೆಕ್ಟರೂ ಕೈ ತೊಳೆದುಕೊಂಡು ಒಂದು ಕಡುಬು ತಿಂದರು. ತಿನ್ನುವಾಗ ಗಳದ ಈ ಕಡೆ ನಿಂತಿದ್ದೇನೆಯೇ ಎಂದು ಕಾಲು ನೋಡಿಕೊಂಡರು.

ಸಂಜೆಯ ಬಸ್ಸಿಗೆ ಸುಶೀಲಾಳನ್ನು ಕರೆದುಕೊಂಡು ನಾವು ರಾಯಚೂರಿಗೆ ಬಂದೆವು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ನಾನು ಈ ವಾರ ನೆಮ್ಮದಿಯಿಂದ ಕೂತಿಲ್ಲ. ಸುಶೀಲಾ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನಲ್ಲಿ ನೀರು ಕುದಿಸಲು ಗ್ಯಾಸ್ ಇದೆ ಎಂಬ ಕಾರಣಕ್ಕೆ. ಬೆಳಿಗ್ಗೆ ಎದ್ದರೆ ನೀರು ಕುದಿಸುತ್ತೇನೆ. ಕಾಲೇಜಿಗೆ ಹೋಗುವ ಮೊದಲು ಮತ್ತೆ ಕುದಿಸುತ್ತೇನೆ. ಬಂದ ಮೇಲೆ, ಕುದಿಸಿದ್ದನ್ನೇ ಕುದಿಸುತ್ತೇನೆ. ನಮ್ಮ ಓಣಿಯ ಕೊನೆಯ ಮನೆಯಿಂದ ಇಬ್ಬರನ್ನು ಆಸ್ಪತ್ರೆಗೆ ಒಯ್ದರು. ಒಬ್ಬರು ಬಂದಿದ್ದಾರೆ. ದ್ಯಾವಮ್ಮನ ಪ್ರಶ್ನೆ ನನ್ನ ಸ್ಟೋವಿನ ಮುಂದೆ ದಿನಾ ಬಂದು ನಿಲ್ಲುತ್ತದೆ.

ಗುರುವಾರ ಬೆಳಿಗ್ಗೆ ಸುಶೀಲಾ ವಾಂತಿ ಮಾಡಿದಳು. ಟಾಂಗಾ ಕರೆದು, ಅದರಲ್ಲಿ ಅವಳನ್ನು ಕೂಡಿಸಿ, ದಾರಿಯುದ್ದಕ್ಕೂ ಅವಳ ಕೈ ಬೆಚ್ಚಗಿದೆಯೇ ಎಂದು ಹಿಡಿದೇ ಇದ್ದೆ. ಡಾಕ್ಟರು ನೋಡಿ, ಏನು ಕುಡಿದಳು ಎಂದು ಕೇಳಿದರು. ಕುದಿಸಿದ ನೀರು ಎಂದೆ. ಅದರಲ್ಲಿ ಏನು ಹಾಕಿದ್ದೀರಿ ಎಂದರು. ಮೈಕಿನವರು ಹಂಚಿದ ಕ್ಲೋರಿನ್ ಗುಳಿಗೆಗಳು. ಎಷ್ಟು? ನಾನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಆ ನೀರು ಕುಡಿದರೆ ನಾನೂ ವಾಂತಿ ಮಾಡ್ತೀನ್ರಿ."

ಅಕ್ಕ ಇನ್ನೂ ನಗುತ್ತಿದ್ದಾಳೆ. ಸರಕಾರದ ಮಾತು ಕೇಳದವರ ಬಗ್ಗೆ ನಾನು ಇಷ್ಟು ಬರೆದೆ. ಹೇಳಿದ್ದಕ್ಕಿಂತ ಹೆಚ್ಚು ಕೇಳುವ ನನ್ನಂಥವರ ಬಗ್ಗೆ ಯಾರು ಬರೆಯುತ್ತಾರೆ?

ಶನಿವಾರ ಗಳ ತೆಗೆದರು. ಪರಿಸ್ಥಿತಿ ಹತೋಟಿಯಲ್ಲಿದೆಯಂತೆ. ಯಾರ ಹತೋಟಿ ಎಂದು ಹೇಳಿಲ್ಲ. ನಮ್ಮ ಓಣಿಯಲ್ಲಿ ಮೈಕು ಇನ್ನೂ ಬರುತ್ತಿದೆ.

ನಿನ್ನೆ ಬೆಳಿಗ್ಗೆ ಅದೇ ಬಸ್ಸಿನ ಕಂಡಕ್ಟರು ನಮ್ಮ ಬಾಗಿಲಿಗೆ ಬಂದ. ದ್ಯಾವಮ್ಮ ಹೇಳಿ ಕಳಿಸಿದ್ದರು. ಗಳ ತೆಗೆದಿದ್ದಾರೆ. ಎಂಟು ಬೀಳಲು ಇನ್ನೂ ನಾಲ್ಕು ದಿನ ಇದೆ. ಬೇನೆ ಇದ್ದ ಊರಿನಲ್ಲಿ ಸೊಸೆ ಬೇಡ, ಕಳಿಸಿಕೊಡಿ. ಜೊತೆಗೆ ಒಂದು ಡಬ್ಬಿ ತುಪ್ಪ ಕಳಿಸಿದ್ದರು, ಸೊಸೆಗೆ.

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಬಾಗಿಲ ಸಂದಿಯಿಂದ ಸುಶೀಲಾ ಬಂದಳು, ತುಪ್ಪದ ಡಬ್ಬಿ ತೆಗೆದುಕೊಂಡಳು.

"ಅಣ್ಣಾ, ಗಳ ಇನ್ನೂ ಅದ ಅಂತ ಹೇಳು."

"ಏನಬೇ, ನಾ ದಿನಾ ಅದೇ ದಾರ್ಯಾಗ ಬಸ್ ಒಯ್ತೀನಿ. ಗಳ ಎಲ್ಲದ?"

"ಇನ್ನು ನಾಲ್ಕು ದಿನ ಅದ ಅಂತ ಹೇಳು ಸಾಕು."

ಅವನು ತಲೆ ಕೆರೆದುಕೊಂಡು ಹೋದ.

ಅವಧಿ ಮುಗಿದ ಮೇಲೂ ಸರಕಾರದ ಆಜ್ಞೆಯನ್ನು ಪಾಲಿಸುತ್ತಿರುವ ಪ್ರಜೆ ಇಡೀ ಜಿಲ್ಲೆಯಲ್ಲಿ ಬಹುಶಃ ನಮ್ಮ ಸುಶೀಲಾ ಒಬ್ಬಳೇ.